ಒಂದರಿಂದಲೇ ಶುರು ಮಾಡಬೇಕೆ?

ರೋಲ್ ಪ್ಲೇಯಿಂಗ್ ಗೇಮುಗಳ ದೊಡ್ಡ ಸರಣಿಗಳಿಗೆ ಈಗ ಮೂವತ್ತು, ನಲವತ್ತು ವರ್ಷ ತುಂಬುತ್ತಿದೆ. ಡ್ರ್ಯಾಗನ್ ಕ್ವೆಸ್ಟ್ ಶುರುವಾದದ್ದು 1986ರಲ್ಲಿ, ಫೈನಲ್ ಫ್ಯಾಂಟಸಿ 1987ರಲ್ಲಿ, ಎಲ್ಡರ್ ಸ್ಕ್ರೋಲ್ಸ್ 1994ರಲ್ಲಿ. ಯಾವುದೂ ಇನ್ನೂ ಮುಗಿದಿಲ್ಲ. ಕುರ್ತಕೋಟಿಯಿಂದ ಗದಗಿನ ಕಾಲೇಜಿಗೆ ಹೋಗಿಬರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ನಂಟರು ಕೊಟ್ಟ ಹಳೆಯ ಪಿಎಸ್4 ಮನೆಯಲ್ಲಿದೆ. ಕೈಯಲ್ಲಿರುವ ದುಡ್ಡು ಒಂದೇ ಒಂದು ಡಿಸ್ಕಿಗೆ ಸಾಲುತ್ತದೆ, ಅದೂ ಸೆಕೆಂಡ್ ಹ್ಯಾಂಡ್ ಡಿಸ್ಕಿಗೆ. ಇಷ್ಟು ಉದ್ದದ ಸರಣಿಯಲ್ಲಿ ಯಾವುದನ್ನು ಕೊಳ್ಳಲಿ ಎಂದು ಅವನು ಕೇಳಿದರೆ ಬಲ್ಲವರು ಕೊಡುವ ಉತ್ತರ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ: ಒಂದನೇ ಭಾಗದಿಂದ ಶುರು ಮಾಡು, ಅದು ಸಿಗದಿದ್ದರೆ ತೀರ ಹೊಸದನ್ನು ತಗೋ, ಎರಡೂ ಆಗದಿದ್ದರೆ ಹಳೆಯ ಮಾಲಿನ ಪೇಟೆಯಲ್ಲಿ ಯಾವುದಕ್ಕೆ ಧಾರಣೆ ಇನ್ನೂ ಇಳಿದಿಲ್ಲವೋ ಅದು ಒಳ್ಳೆಯದೆಂದು ತಿಳಿ. ಕೇಳಲು ಒಪ್ಪುವಂತಿರುವ ಈ ಮೂರು ಮಾತೂ ಬೇರೆ ಬೇರೆ ಪ್ರಶ್ನೆಗಳಿಗೆ ಸಲ್ಲಬೇಕಾದ ಉತ್ತರಗಳು. ಅವನ್ನು ಒಂದೇ ಪ್ರಶ್ನೆಗೆ ಕೊಡುವುದರಿಂದ ಹುಡುಗನ ದುಡ್ಡು ಹಾಳಾಗುತ್ತದೆ. ದುಡ್ಡಿಗಿಂತ ಹೆಚ್ಚಿನ ನಷ್ಟವೆಂದರೆ, ಈ ಬಗೆಯ ಆಟವೇ ತನಗೆ ಒಗ್ಗದೆಂದು ಅವನು ತೀರ್ಮಾನಿಸಿಬಿಡಬಹುದು.

ಮೊದಲು ಒಂದನೇ ಮಾತಿನ ಹಿಂದಿನ ನಂಬಿಕೆಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಮೊದಲಿನಿಂದ ಶುರು ಮಾಡಬೇಕು ಎನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಕತೆಯೇ ಈ ಆಟಗಳ ಜೀವ. ಆಡುವವನು ಒಂದು ಪಾತ್ರವಾಗಿ ಆ ಲೋಕದೊಳಗೆ ಹೊಕ್ಕು, ಐವತ್ತು ಅರವತ್ತು ಗಂಟೆ ಅಲ್ಲಿನ ಜನರೊಡನೆ ಕಳೆಯುತ್ತಾನೆ. ಹಿಂದೆ ನಡೆದದ್ದೇನೆಂದು ತಿಳಿಯದೆ ನಡುವೆ ಹೊಕ್ಕರೆ ಯಾರು ಯಾರಿಗೆ ಏನಾಗಬೇಕೆಂಬುದೂ ಗೊತ್ತಾಗುವುದಿಲ್ಲ. ಇದರ ಜೊತೆಗೆ, ಆಟದ ಕ್ರಮವೂ ಭಾಗದಿಂದ ಭಾಗಕ್ಕೆ ಬೆಳೆಯುತ್ತ ಬಂದಿರುತ್ತದೆ. ಸರಳವಾದದ್ದನ್ನು ಮೊದಲು ಕಲಿತವನಿಗೆ ಜಟಿಲವಾದದ್ದು ತೊಡಕೆನಿಸದು. ಕೊನೆಯ ಕಾರಣ ಗೌರವದ್ದು: ಹತ್ತಾರು ವರ್ಷ ಒಂದೇ ಲೋಕವನ್ನು ಕಟ್ಟುತ್ತ ಬಂದವರ ಕೆಲಸವನ್ನು ಅವರು ಕಟ್ಟಿದ ಅನುಕ್ರಮದಲ್ಲೇ ನೋಡುವುದು ಸರಿಯೆಂಬ ಭಾವನೆ. ಇವುಗಳಲ್ಲಿ ಯಾವುದನ್ನೂ ನಾನು ತಳ್ಳಿಹಾಕುತ್ತಿಲ್ಲ. ಡಬ್ಬಿಯ ಮೇಲಿನ ಅಂಕಿಯೊಂದೇ ಈ ಮೂರನ್ನೂ ಹೇಳುತ್ತದೆ ಎಂಬ ಗ್ರಹಿಕೆಯಲ್ಲಿ ಮಾತ್ರ ದೋಷವಿದೆ.

ಆ ಅಂಕಿಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಬೇರೆ ಸಂಗತಿಗಳು ಬೆರೆತುಕೊಂಡಿವೆ.

1. ಯಾವುದು ಯಾವುದರ ನಂತರ ಮಾರಾಟಕ್ಕೆ ಬಂತು ಎಂಬ ಅನುಕ್ರಮ.

2. ಒಂದರ ಕತೆ ಇನ್ನೊಂದರಿಂದ ಮುಂದುವರಿಯುತ್ತದೆಯೇ ಎಂಬುದು.

3. ಹಿಂದಿನದನ್ನು ಆಡಿದವನ ಕೈಗೆ ಹತ್ತಿರುವ ರೂಢಿಯನ್ನು ಮುಂದಿನದು ಬೇಡುತ್ತದೆಯೇ ಎಂಬುದು.

ಅಂಕಿ ಖಚಿತವಾಗಿ ಹೇಳುವುದು ಮೊದಲನೆಯದನ್ನಷ್ಟೇ, ಮತ್ತು ಅದನ್ನೂ ಎಲ್ಲ ಕಾಲದಲ್ಲಿ ಹೇಳಿಲ್ಲ. ಜಪಾನಿನಲ್ಲಿ ಫೈನಲ್ ಫ್ಯಾಂಟಸಿಯ ನಾಲ್ಕನೆಯದಾಗಿ ಬಂದ ಆಟ 1991ರಲ್ಲಿ ಅಮೆರಿಕದಲ್ಲಿ ಮಾರಾಟವಾದದ್ದು 'ಫೈನಲ್ ಫ್ಯಾಂಟಸಿ 2' ಎಂಬ ಹೆಸರಿನಲ್ಲಿ. ಆರನೆಯದು 1994ರಲ್ಲಿ ಅಲ್ಲಿಗೆ 'ಫೈನಲ್ ಫ್ಯಾಂಟಸಿ 3' ಆಗಿ ಹೋಯಿತು. ನಡುವಿನ ಎರಡು, ಮೂರು, ಐದನೆಯ ಆಟಗಳು ಆ ಹೊತ್ತಿಗೆ ಅಲ್ಲಿಗೆ ತಲುಪಿಯೇ ಇರಲಿಲ್ಲ. 1997ರಲ್ಲಿ ಏಳನೆಯದು ಪ್ಲೇಸ್ಟೇಷನ್ನಿಗೆ ಬಂದಾಗ ಮಾತ್ರ ಎರಡೂ ಕಡೆ ಒಂದೇ ಅಂಕಿ ಬಂತು. ಹೀಗಾಗಿ ಅಮೆರಿಕದ ಆಟಗಾರರು ಅಂಕಿಯ ಪ್ರಕಾರ ಮೂರರಿಂದ ಏಳಕ್ಕೆ ನೆಗೆದರು, ಮತ್ತು ಆ ಏಳನೆಯದು ಸರಣಿಯನ್ನು ಜಗತ್ತಿನ ಮನೆಮಾತಾಗಿಸಿತು. ನಡುವಿನದನ್ನು ಆಡಿಲ್ಲವೆಂದು ಯಾರ ಆಟವೂ ಕೆಡಲಿಲ್ಲ. ಕೆಡುವಂತೆಯೂ ಇರಲಿಲ್ಲ, ಏಕೆಂದರೆ ಆ ಸರಣಿಯ ಅಂಕಿ ಹೊತ್ತ ಆಟಗಳಿಗೆ ಒಂದಕ್ಕೊಂದು ಕತೆಯ ನಂಟಿಲ್ಲ. ಏಳರ ಊರು ಬೇರೆ, ಒಂಬತ್ತರ ಊರು ಬೇರೆ, ಹತ್ತರ ಜನ ಬೇರೆ. ಚೊಕೊಬೊ ಎಂಬ ಸವಾರಿಹಕ್ಕಿ, ಸಿಡ್ ಎಂಬ ಹೆಸರು, ಕೆಲವು ಮಂತ್ರಗಳು ಹಲವು ಕಡೆ ಮರಳಿ ಬರುತ್ತವೆ. ಅವು ಹಳಬರಿಗೆ ಖುಷಿ ಕೊಡುವ ಗುರುತುಗಳು. ಹೊಸಬನಿಗೆ ಗೊತ್ತಿಲ್ಲದಿದ್ದರೆ ಕತೆಯ ಯಾವ ಕೊಂಡಿಯೂ ಕಳಚುವುದಿಲ್ಲ. ಎಲ್ಡರ್ ಸ್ಕ್ರೋಲ್ಸ್ ನಾಡು ಒಂದೇ, ಆದರೆ ಪ್ರತಿ ಸಲ ನಾಯಕ ಬೇರೆ. 2006ರ ಆಬ್ಲಿವಿಯನ್ ಮತ್ತು 2011ರ ಸ್ಕೈರಿಮ್ ಕತೆಗಳ ನಡುವೆ ಆ ನಾಡಿನ ಲೆಕ್ಕದಲ್ಲಿ ಇನ್ನೂರು ವರ್ಷ ಕಳೆದಿರುತ್ತದೆ.

ಹಾಗೆಂದು ಎಲ್ಲಿಂದ ಬೇಕಾದರೂ ಶುರು ಮಾಡಬಹುದು ಎಂದರೆ ಅದೂ ಅಷ್ಟೇ ದೊಡ್ಡ ತಪ್ಪು. ಕತೆ ನಿಜವಾಗಿಯೂ ಮುಂದುವರಿಯುವ ಸರಣಿಗಳಿವೆ. ಜಪಾನಿನಲ್ಲಿ 2004ರಲ್ಲಿ 'ಟ್ರೇಲ್ಸ್ ಇನ್ ದಿ ಸ್ಕೈ'ಯಿಂದ ಶುರುವಾದ ಟ್ರೇಲ್ಸ್ ಆಟಗಳು ಒಂದೇ ಖಂಡದ ರಾಜಕಾರಣವನ್ನು ಭಾಗದಿಂದ ಭಾಗಕ್ಕೆ ಎಳೆದುಕೊಂಡು ಬಂದಿವೆ. ಹಳೆಯ ಪಾತ್ರಗಳು ಮುಂದಿನ ಭಾಗಗಳಲ್ಲಿ ಪೂರ್ವಕತೆಯ ಭಾರ ಹೊತ್ತುಕೊಂಡೇ ಬರುತ್ತವೆ. ಮಾಸ್ ಎಫೆಕ್ಟ್ ಮೂರು ಭಾಗಗಳಲ್ಲಿ (2007, 2010, 2012) ಒಂದೇ ನಾಯಕ, ಒಂದೇ ಸಂಕಟ. ಒಂದರಲ್ಲಿ ನೀವು ಯಾರನ್ನು ಉಳಿಸಿದಿರಿ, ಯಾರನ್ನು ಬಿಟ್ಟುಕೊಟ್ಟಿರಿ ಎಂಬುದು ಸೇವ್ ಫೈಲಿನ ಮೂಲಕ ಮುಂದಿನದಕ್ಕೆ ದಾಟುತ್ತದೆ. ಫೈನಲ್ ಫ್ಯಾಂಟಸಿಯಲ್ಲೇ ಹತ್ತರ ಮುಂದುವರಿಕೆಯಾದ 'ಎಕ್ಸ್-2' ಇದೆ, ಹದಿಮೂರಕ್ಕೆ ಬೆನ್ನುಹತ್ತಿ ಬಂದ ಇನ್ನೆರಡಿವೆ. ಏಳನೆಯದನ್ನು ಹೊಸದಾಗಿ ಕಟ್ಟುವ ಆಟಗಳಲ್ಲಿ 2024ರ 'ರೀಬರ್ತ್' 2020ರ 'ರಿಮೇಕ್' ನಿಂತಲ್ಲಿಂದ ಹೊರಡುತ್ತದೆ. ಹಳೆಯ ಡಿಸ್ಕು ಅಗ್ಗಕ್ಕೆ ಸಿಕ್ಕಿತೆಂದು ರೀಬರ್ತನ್ನು ಮೊದಲು ಕೊಂಡವನು ಕತೆಯ ನಡುಗಾಲದಲ್ಲಿ ಇಳಿದಿರುತ್ತಾನೆ. ಇಲ್ಲೂ ಅಂಕಿಯ ಸಹಾಯ ಅಷ್ಟಕ್ಕಷ್ಟೇ ಎಂಬುದನ್ನು ಗಮನಿಸಿ: ಎಲ್ಲಿ ಕೊಂಡಿ ಇದೆಯೋ ಅಲ್ಲಿ ಅಂಕಿ ಹೆಚ್ಚಾಗುವ ಬದಲು ಹೆಸರಿಗೆ ಬಾಲ ಅಂಟಿಕೊಳ್ಳುತ್ತದೆ. ಫೈನಲ್ ಫ್ಯಾಂಟಸಿಯ ಮಟ್ಟಿಗೆ, ಅಂಕಿ ಬದಲಾದರೆ ಕತೆ ಹೊಸದು, ಅಂಕಿ ಉಳಿದು ಬಾಲ ಬೆಳೆದರೆ ಕತೆ ಹಳೆಯದು. ಒಂದರಿಂದ ಶುರು ಮಾಡು ಎನ್ನುವವರು ನಂಬಿರುವುದಕ್ಕೆ ಇದು ಸರಿಯಾಗಿ ತಿರುವುಮುರುವು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕತೆ ಮುಂದುವರಿಯುವಲ್ಲೂ ಮಾರುವವರೇ ಅನುಕ್ರಮವನ್ನು ಮುರಿದಿದ್ದಾರೆ. ಮಾಸ್ ಎಫೆಕ್ಟ್ ಎರಡನೆಯ ಭಾಗ 2011ರ ಜನವರಿಯಲ್ಲಿ ಪಿಎಸ್3ಕ್ಕೆ ಬಂದಾಗ ಆ ಯಂತ್ರದಲ್ಲಿ ಮೊದಲನೆಯ ಭಾಗವೇ ಇರಲಿಲ್ಲ. ಅದು ಬಂದದ್ದು 2012ರ ಕೊನೆಗೆ, ಮೂರನೆಯದೂ ಬಂದುಹೋದ ಮೇಲೆ. ಆ ಕೊರತೆ ತುಂಬಲು ಹಿಂದಿನ ಕತೆಯನ್ನು ಹೇಳಿ, ಮುಖ್ಯ ನಿರ್ಧಾರಗಳನ್ನು ಆಟಗಾರನಿಂದಲೇ ಮಾಡಿಸುವ ಒಂದು ಚಿತ್ರಕಥೆಯನ್ನು ತಯಾರಕರು ಒದಗಿಸಿದರು. ಡ್ರ್ಯಾಗನ್ ಕ್ವೆಸ್ಟಿನ ಉದಾಹರಣೆ ಇನ್ನೂ ಸ್ಪಷ್ಟ. 1988ರ ಮೂರನೆಯ ಭಾಗದ ಕತೆ ಒಂದು ಮತ್ತು ಎರಡಕ್ಕಿಂತ ಹಿಂದಿನ ಕಾಲದ್ದು. ಅವನ್ನು ಹೊಸದಾಗಿ ಕಟ್ಟಿದಾಗ ಕಂಪನಿ 2024ರ ನವೆಂಬರಿನಲ್ಲಿ ಮೂರನೆಯದನ್ನು ಮೊದಲು ಮಾರಿತು, ಒಂದು ಮತ್ತು ಎರಡನ್ನು ಒಟ್ಟಾಗಿ 2025ರ ಅಕ್ಟೋಬರಿನಲ್ಲಿ. ತಯಾರಾದ ಅನುಕ್ರಮ ಒಂದು, ಕತೆಯ ಕಾಲಾನುಕ್ರಮವೂ ಈಗ ಮಾರುತ್ತಿರುವ ಅನುಕ್ರಮವೂ ಇನ್ನೊಂದು ಆಗಿರುವಾಗ ಅಂಕಿಗೆ ಶರಣಾಗುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನಮ್ಮ ನೆಲದಿಂದಲೇ ಹುಟ್ಟುವಂಥದ್ದು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ರಚಿಸಿದನೆಂದು ನಾವು ನಂಬುವ ಭಾರತ ಹತ್ತು ಪರ್ವಗಳದ್ದು. ಉಳಿದವನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ಗಮಕ ವಾಚನಕ್ಕೆ ಕೂತವರು ಆದಿಪರ್ವದಿಂದಲೇ ಶುರುವಾಗಬೇಕೆಂದು ಹಟ ಹಿಡಿಯುವುದಿಲ್ಲ. ಇವತ್ತು ವಿರಾಟಪರ್ವ, ನಾಳೆ ಕರ್ಣಪರ್ವ. ಯಾವ ಸಂಧಿ ಓದಿದರೂ ಮನಸ್ಸು ತುಂಬುತ್ತದೆ. ಆಟಕ್ಕೂ ಇದೇ ಸಾಕಲ್ಲವೇ, ಎಲ್ಲಿ ಹೊಕ್ಕರೇನು ಎಂದು ಯಾರಾದರೂ ಕೇಳಬಹುದು. ಸಾಲದು. ಕರ್ಣಪರ್ವ ಕೇಳಲು ಕೂತವರಿಗೆ ಕರ್ಣ ಯಾರ ಮಗನೆಂಬುದು ತೊಟ್ಟಿಲಲ್ಲೇ ಗೊತ್ತಾಗಿರುತ್ತದೆ. ಕೇಳುಗ ಕತೆಯನ್ನು ಬಲ್ಲನೆಂದು ಕವಿಗೂ ಗೊತ್ತು. ಆ ತಿಳಿವಳಿಕೆಯ ಮೇಲೆಯೇ ಅವನ ಮಾತು ನಿಂತಿದೆ. ಟ್ರೇಲ್ಸ್ ಆಟದ ಐದನೆಯ ಭಾಗವನ್ನು ಕೈಗೆತ್ತಿಕೊಂಡ ನಮ್ಮ ಹುಡುಗನಿಗೆ ಅಂಥ ಯಾವ ತಿಳಿವಳಿಕೆಯೂ ಇರುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಈ ಆಟವನ್ನು ಮಾಡಿದವರು ಆಡುವವನಿಗೆ ಮೊದಲೇ ಏನೇನು ಗೊತ್ತಿದೆಯೆಂದು ಭಾವಿಸಿಕೊಂಡಿದ್ದಾರೆ? ಏನೂ ಗೊತ್ತಿಲ್ಲವೆಂದು ಭಾವಿಸಿಕೊಂಡಿದ್ದರೆ ಅದು ಹದಿನಾರನೆಯದಾದರೂ ಹೊಸಬನಿಗೆ ಬಾಗಿಲು ತೆರೆದಿದೆ. ಹಿಂದಿನದೆಲ್ಲ ಗೊತ್ತಿದೆಯೆಂದು ಭಾವಿಸಿಕೊಂಡಿದ್ದರೆ ಎರಡನೆಯದೂ ಅವನಿಗೆ ಮುಚ್ಚಿದ ಬಾಗಿಲೇ. ಇದನ್ನು ತಿಳಿಯಲು ಆಟದ ಮೊದಲ ಒಂದು ಗಂಟೆಯನ್ನು ಯೂಟ್ಯೂಬಿನಲ್ಲಿ ನೋಡಿದರೆ ಸಾಕು. ಪಾತ್ರಗಳು ತಮ್ಮನ್ನು ತಾವು ಪರಿಚಯಿಸಿಕೊಳ್ಳುತ್ತವೆಯೋ, ಇಲ್ಲಾ ಹಳೆಯ ಮಾತನ್ನು ಮುಂದುವರಿಸುತ್ತವೆಯೋ ಎಂಬುದು ಅಷ್ಟರಲ್ಲೇ ಕಾಣುತ್ತದೆ.

ಮೂರನೆಯ ಅರ್ಥ, ಕೈಯ ರೂಢಿಯದ್ದು, ಇದಕ್ಕಿಂತ ನಾಜೂಕು. 2002ರ ಮಾರೋವಿಂಡಿನಲ್ಲಿ ಹೋಗಬೇಕಾದ ದಾರಿಯನ್ನು ಊರಿನವರು ಬಾಯಿಮಾತಿನಲ್ಲಿ ಹೇಳುತ್ತಾರೆ. ಆಟಗಾರ ಅದನ್ನು ದಿನಚರಿಯಲ್ಲಿ ಓದಿ, ಸೇತುವೆ ದಾಟಿ, ಬಂಡೆ ಹುಡುಕಿ ಹೋಗಬೇಕು. ಆಬ್ಲಿವಿಯನ್ನಿನಿಂದ ಮುಂದೆ ದಿಕ್ಸೂಚಿಯ ಮೇಲೆ ಗುರುತು ಬಂತು. ಸ್ಕೈರಿಮ್ ಆಡಿ ಬಂದವನಿಗೆ ಮಾರೋವಿಂಡ್ ಕಷ್ಟವೆನಿಸುತ್ತದೆ, ಹಲವರು ಅರ್ಧಕ್ಕೇ ಬಿಡುತ್ತಾರೆ. ಹಳೆಯದನ್ನು ಮೊದಲು ಆಡಬೇಕೆನ್ನುವವರ ಅತ್ಯಂತ ಬಲವಾದ ವಾದ ಇದೇ, ಮತ್ತು ಇದು ನಿಜ. ಆದರೆ ಇದು ಯಾರಿಗೆ ಅನ್ವಯಿಸುತ್ತದೆಂದು ನೋಡಬೇಕು. ಸರಣಿಯನ್ನು ಪೂರ್ತಿ ಆಡುತ್ತೇನೆಂದು ತೀರ್ಮಾನಿಸಿದವನಿಗೆ ಇದು ಹಿತವಚನ. ಒಂದೇ ಡಿಸ್ಕಿನ ದುಡ್ಡಿರುವವನು ಅಂಥ ತೀರ್ಮಾನವನ್ನು ಮಾಡಿಯೇ ಇಲ್ಲ. ಈ ಸರಣಿ ತನಗೆ ಹಿಡಿಸುತ್ತದೆಯೇ ಎಂದು ನೋಡಲು ಅವನು ಹೊರಟಿದ್ದಾನೆ. ಪೂರ್ತಿ ಆಡುವವನ ನಿಯಮವನ್ನು ರುಚಿ ನೋಡುವವನ ಮೇಲೆ ಹೇರಿದರೆ, 1987ರ ಆಟವನ್ನು ಎರಡು ಸಂಜೆ ಆಡಿ ಸರಣಿಯ ಮೇಲೆಯೇ ಬೇಸರಪಟ್ಟುಕೊಂಡು ಅವನು ಹೊರಗೆ ಹೋಗುತ್ತಾನೆ. ಮೊದಲ ಆಟದ ಐತಿಹಾಸಿಕ ಮಹತ್ವವನ್ನು ಕಾಣುವುದಕ್ಕೂ ಮುಂದಿನ ಒಂದೆರಡು ಆಟಗಳ ಪರಿಚಯ ಬೇಕಾಗುತ್ತದೆ.

ಇಲ್ಲಿಯವರೆಗಿನದು ಹೊಸ ಡಿಸ್ಕಿಗೂ ಒಪ್ಪುವ ವಾದ. ಹಳೆಯ ಡಿಸ್ಕಿನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ. ಸಲಹೆ ಕೊಡುವವರು ಅತ್ಯಂತ ಕಡಿಮೆ ಯೋಚಿಸುವುದು ಅದರ ಬಗ್ಗೆಯೇ. ಡಿಸ್ಕು ಕೈ ಬದಲಾದಾಗ ಅದರ ಜೊತೆ ಏನು ಬರುತ್ತದೆ, ಮಾರಿದವನ ಬಳಿ ಏನು ಉಳಿಯುತ್ತದೆ? ಫೈನಲ್ ಫ್ಯಾಂಟಸಿ 11 ಮತ್ತು 14 ಆನ್‌ಲೈನ್ ಆಟಗಳು. ಅವಕ್ಕೆ ನೋಂದಣಿಯ ಕೋಡ್ ಬೇಕು, ಅದು ಒಬ್ಬರ ಖಾತೆಗೆ ಸೇರಿದ ಮೇಲೆ ಮತ್ತೊಬ್ಬರಿಗಿಲ್ಲ. ಹನ್ನೊಂದನೆಯದರ ಪಿಎಸ್2 ಸೇವೆ 2016ರ ಮಾರ್ಚಿನಲ್ಲೇ ನಿಂತಿತು, ಹದಿನಾಲ್ಕನೆಯದು ಪಿಎಸ್3ರಲ್ಲಿ ನಡೆಯುವುದು 2017ರಲ್ಲಿ ನಿಂತಿತು. ಆ ಹಳೆಯ ಡಿಸ್ಕುಗಳನ್ನು ಇವತ್ತು ಕೊಳ್ಳುವವನಿಗೆ ಸಿಗುವುದು ಡಬ್ಬಿ ಮಾತ್ರ, ಸಂಗ್ರಹಕ್ಕೆ ಇಟ್ಟುಕೊಳ್ಳಬಹುದು. ಮಾಸ್ ಎಫೆಕ್ಟ್ 2ರ ಹೊಸ ಡಬ್ಬಿಯಲ್ಲಿ ಒಮ್ಮೆ ಮಾತ್ರ ಬಳಸಬಹುದಾದ ಕೋಡ್ ಇತ್ತು. ಸೆಕೆಂಡ್ ಹ್ಯಾಂಡ್ ಮಾರಾಟವನ್ನು ತಡೆಯಲು ಆ ಕಾಲದಲ್ಲಿ ಇದು ಕಂಪನಿಗಳ ರೂಢಿಯಾಗಿತ್ತು. ದಿ ವಿಚರ್ 3ಕ್ಕೆ 2015 ಮತ್ತು 2016ರಲ್ಲಿ ಎರಡು ದೊಡ್ಡ ಅನುಬಂಧ ಕತೆಗಳು ಬಂದವು. 2015ರ ಸಾದಾ ಡಿಸ್ಕನ್ನು ಮಾರುವವನು ಅವನ್ನು ಕೊಂಡಿದ್ದರೂ ಅವು ಅವನ ಖಾತೆಯಲ್ಲೇ ಉಳಿಯುತ್ತವೆ. 'ಗೇಮ್ ಆಫ್ ದಿ ಇಯರ್' ಆವೃತ್ತಿಯಲ್ಲಾದರೆ ಅವೂ ಸೇರಿವೆ. ಅಂಗಡಿಯವನು ಎರಡನ್ನೂ 'ವಿಚರ್ ಮೂರು' ಎಂದೇ ಕರೆಯುತ್ತಾನೆ, ಬೆಲೆಯಲ್ಲಿ ಮಾತ್ರ ವ್ಯತ್ಯಾಸ ಮಾಡುತ್ತಾನೆ. ಪರ್ಸೋನಾ 5ರಲ್ಲೂ ಇದೇ ಪ್ರಶ್ನೆ: 2019ರಲ್ಲಿ ಜಪಾನಿನಲ್ಲಿ, 2020ರಲ್ಲಿ ಹೊರಗೆ ಬಂದ 'ರಾಯಲ್' ಆವೃತ್ತಿ ಮೂಲ ಆಟವನ್ನು ಪೂರ್ತಿ ಒಳಗೊಂಡು ಇನ್ನೊಂದು ಅವಧಿಯ ಕತೆಯನ್ನೂ ಸೇರಿಸಿಕೊಂಡಿದೆ. ಮೂಲವನ್ನು ಅಗ್ಗಕ್ಕೆ ಕೊಂಡು ಮುಂದೆ ರಾಯಲ್‌ಗೆ ಹೋದರೆ ಆಟದ ಪ್ರಗತಿ ಜೊತೆಗೆ ಬರುವುದಿಲ್ಲ, ನೂರು ಗಂಟೆ ಮತ್ತೆ ಮೊದಲಿನಿಂದ. ಆದ್ದರಿಂದ ಎಷ್ಟನೆಯ ಭಾಗ ಎಂದು ಕೇಳುವುದಕ್ಕಿಂತ ಯಾವ ಆವೃತ್ತಿ ಎಂದು ಕೇಳುವುದು ಮುಖ್ಯವಾಗುತ್ತದೆ.

ವಸ್ತುವಿನ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ಲೇಸ್ಟೇಷನ್ನಿನ ಫೈನಲ್ ಫ್ಯಾಂಟಸಿ 7 ಮೂರು ಡಿಸ್ಕಿನದು, 8 ಮತ್ತು 9 ನಾಲ್ಕು ಡಿಸ್ಕಿನವು. ಕೊನೆಯ ಡಿಸ್ಕು ಗೀರುಬಿದ್ದಿದ್ದರೆ ಅದು ತಿಳಿಯುವುದು ಹತ್ತಾರು ಗಂಟೆ ಆಡಿದ ಮೇಲೆ, ಮಾರಿದವನು ಫೋನ್ ಎತ್ತದ ಕಾಲದಲ್ಲಿ. ಏಳರ ರಿಮೇಕ್ ಪಿಎಸ್4ರಲ್ಲಿ ಎರಡು ಡಿಸ್ಕಿನದು. ಮೊದಲನೆಯದು ಬರೀ ಇನ್‌ಸ್ಟಾಲ್ ಮಾಡಲು, ಆದರೆ ಅದಿಲ್ಲದೆ ಎರಡನೆಯದು ಉಪಯೋಗಕ್ಕಿಲ್ಲ. 1999ರ ಪೋಕೆಮಾನ್ ಗೋಲ್ಡ್, ಸಿಲ್ವರ್ ಕಾರ್ಟ್ರಿಜ್‌ಗಳಲ್ಲಿ ಸೇವ್ ಉಳಿಯುವುದು ಒಳಗಿರುವ ಪುಟ್ಟ ಬ್ಯಾಟರಿಯಿಂದ. ಅದು ಸತ್ತಿದ್ದರೆ ಆಟ ಓಡುತ್ತದೆ, ಆಡಿದ್ದು ಉಳಿಯುವುದಿಲ್ಲ. ಯಂತ್ರದ ಮಾತಂತೂ ನೇರ: ಪಿಎಸ್5 ಬಹುತೇಕ ಎಲ್ಲ ಪಿಎಸ್4 ಡಿಸ್ಕುಗಳನ್ನು ಓಡಿಸುತ್ತದೆ, ಪಿಎಸ್3ರವನ್ನು ಓಡಿಸುವುದಿಲ್ಲ, ಡಿಜಿಟಲ್ ಆವೃತ್ತಿಯ ಪಿಎಸ್5ಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ.

ಈಗ ಧಾರಣೆಯ ಮಾತು. ಹಳೆಯ ಮಾಲಿನ ಪೇಟೆಯಲ್ಲಿ ಬೆಲೆ ಇಳಿಯದಿರುವುದು ಗುಣದ ಲಕ್ಷಣವೆಂದು ಹೇಳುವವರು ಮರೆಯುವುದು ಪೂರೈಕೆಯನ್ನು. ವಿಚರ್ 3 ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆಯೆಂದು ಕಂಪನಿ 2023ರಲ್ಲಿ ಹೇಳಿತು. ಅಷ್ಟು ಜನರ ಬಳಿ ಇರುವ ಆಟ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಾಗಲಿ ಓಎಲ್‌ಎಕ್ಸಿನಲ್ಲಾಗಲಿ ಅಗ್ಗವಾಗುವುದು ಸಹಜ. ಅದರಿಂದ ಆಟದ ಗುಣ ಕುಗ್ಗಲಿಲ್ಲ. ಮತ್ತೊಂದು ತುದಿಯಲ್ಲಿ ಸುಯಿಕೋಡೆನ್ 2 ಇದೆ. ಅದರ ಪ್ಲೇಸ್ಟೇಷನ್ ಡಿಸ್ಕು ಕಡಿಮೆ ಸಂಖ್ಯೆಯಲ್ಲಿ ಹೊರಬಂದದ್ದರಿಂದ ವರ್ಷಗಟ್ಟಲೆ ಸಂಗ್ರಾಹಕರ ಬೆಲೆಯಲ್ಲಿತ್ತು. ಅದು ಅದ್ಭುತ ಆಟ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಬೆಲೆ ಅಪರೂಪಕ್ಕೆ ಕೊಟ್ಟದ್ದು. 2025ರ ಮಾರ್ಚಿನಲ್ಲಿ ಮೊದಲನೆಯದೂ ಎರಡನೆಯದೂ ಒಟ್ಟಿಗೆ ಹೊಸ ರೂಪದಲ್ಲಿ ಬಂದ ಮೇಲೆ, ಆಡಲೆಂದೇ ಕೊಳ್ಳುವವನಿಗೆ ಆ ಹಳೆಯ ಡಿಸ್ಕಿನ ಅಗತ್ಯವೇ ಉಳಿಯಲಿಲ್ಲ.

ಹೊಸ ಭಾಗವನ್ನೇ ಹಳೆಯದಾಗಿ ಕೊಳ್ಳುವುದು ಜಾಣತನ ಎನ್ನುವವರಿಗೂ ಒಂದು ಲೆಕ್ಕ ಹೇಳಬೇಕು. ಡಿಸ್ಕಿನ ನಿಜವಾದ ಖರ್ಚು ಕೊಟ್ಟ ಬೆಲೆಗೂ ಮರುಮಾರಿದಾಗ ಬರುವ ಬೆಲೆಗೂ ಇರುವ ಅಂತರ. ಬಿಡುಗಡೆಯಾಗಿ ಎರಡು ತಿಂಗಳಾದ ಆಟವನ್ನು 3,500 ರೂಪಾಯಿಗೆ ಕೊಂಡು, ನಿಧಾನಕ್ಕೆ ಆಡಿ ಆರು ತಿಂಗಳ ಮೇಲೆ 2,000ಕ್ಕೆ ಮಾರಿದರೆ ಖರ್ಚು 1,500 ಎಂದಿಟ್ಟುಕೊಳ್ಳೋಣ. ಐದಾರು ವರ್ಷದ ಹಿಂದಿನ ಆಟ 1,200ಕ್ಕೆ ಸಿಕ್ಕಿ 1,000ಕ್ಕೆ ಹೋದರೆ ಖರ್ಚು ಕೊರಿಯರ್ ಸೇರಿ ಮುನ್ನೂರರ ಆಸುಪಾಸು. ಬೆಲೆ ಇಳಿಯುವುದೆಲ್ಲ ಇಳಿದು ನಿಂತ ಮೇಲೆ ಕೊಳ್ಳುವವನು ಆ ಇಳಿತದ ಭಾರ ಹೊರುವುದಿಲ್ಲ. ಡಿಜಿಟಲ್ ಮಾರಾಟದಲ್ಲಿ ಇದಕ್ಕಿಂತ ಅಗ್ಗ ಸಿಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಂಪ್ಯೂಟರಿನಲ್ಲಿ ಆಡುವವರಿಗಂತೂ ಅದೇ ಸರಿಯಾದ ದಾರಿ. ಆದರೆ ಡಿಜಿಟಲ್ ಪ್ರತಿಯನ್ನು ಮರುಮಾರುವಂತಿಲ್ಲ, ತಮ್ಮನ ಖಾತೆಗೆ ದಾಟಿಸುವಂತಿಲ್ಲ. ಹಳ್ಳಿಯ ಮನೆಯ ಇನ್ನೊಂದು ಕಷ್ಟವೂ ಇದೆ. ಫೈಬರ್ ಸಂಪರ್ಕವಿಲ್ಲದೆ ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಲಾನಿನಲ್ಲಿ ಸುಮಾರು 100 ಜಿಬಿಯ ಆಟವೊಂದನ್ನು ಇಳಿಸಿಕೊಳ್ಳಲು, ಆ ಡೇಟಾವನ್ನು ಬೇರೆ ಯಾವುದಕ್ಕೂ ಮುಟ್ಟದಿದ್ದರೂ, 50 ದಿನ ಬೇಕು. ಅದೇ ಆಟ ಡಿಸ್ಕಿನಿಂದ ಒಂದು ಸಂಜೆಯೊಳಗೆ ಇನ್‌ಸ್ಟಾಲ್ ಆಗುತ್ತದೆ.

ಇಷ್ಟನ್ನೂ ಕೂಡಿಸಿ ಹುಡುಗನಿಗೆ ಹೆಸರು ಹೇಳು ಎಂದರೆ ನಾನು ಹಿಂಜರಿಯುವುದಿಲ್ಲ. ಮಾಸ್ ಎಫೆಕ್ಟ್ ಕಡೆ ಒಲವಿದ್ದರೆ ಮೂರನ್ನೂ ಒಟ್ಟುಮಾಡಿದ 2021ರ 'ಲೆಜೆಂಡರಿ ಎಡಿಷನ್' ಬಿಟ್ಟು ಬಿಡಿ ಡಿಸ್ಕುಗಳನ್ನು ಮುಟ್ಟಬಾರದು. ಬಹುತೇಕ ಎಲ್ಲ ಅನುಬಂಧಗಳೂ ಅದರಲ್ಲಿವೆ. ಟ್ರೇಲ್ಸ್ ಬೇಕೆಂದರೆ ಮಾತ್ರ ನಿಜವಾಗಿಯೂ ಮೊದಲಿನಿಂದಲೇ ಬರಬೇಕು. 2025ರ ಸೆಪ್ಟೆಂಬರಿನಲ್ಲಿ ಮೊದಲ ಭಾಗ ಹೊಸದಾಗಿ ಬಂದಿದೆ, ಅದರ ಧಾರಣೆ ಇಳಿಯುವವರೆಗೆ ಕಾಯುವುದು ಒಳ್ಳೆಯದು. ಫೈನಲ್ ಫ್ಯಾಂಟಸಿಯಲ್ಲಿ 2017ರಲ್ಲಿ ಪಿಎಸ್4ಕ್ಕೆ ಬಂದ ಹನ್ನೆರಡನೆಯದು ತಾನೇ ಪೂರ್ಣ, ಅದರ ಕತೆಗೆ ಹಿಂದಿನ ಹನ್ನೊಂದರಲ್ಲಿ ಯಾವುದೂ ಬೇಡ. ಆದರೂ ಪಿಎಸ್4 ಇರುವವನಿಗೆ, ಒಂದೇ ಡಿಸ್ಕೆಂದರೆ, ನನ್ನ ಆಯ್ಕೆ ಡ್ರ್ಯಾಗನ್ ಕ್ವೆಸ್ಟ್ 11. ಅದು ಹೊಸಬನಿಗೆ ಏನೂ ಗೊತ್ತಿಲ್ಲವೆಂದು ಭಾವಿಸಿಕೊಂಡೇ ಊರ ಹುಡುಗನೊಬ್ಬನ ಹದಿಹರೆಯದಿಂದ ಕತೆ ತೆರೆಯುತ್ತದೆ; ಕಾದಾಟ ಸರದಿಯಂತೆ ನಡೆಯುವುದರಿಂದ ಕೈ ಪಳಗದವನಿಗೂ ಯೋಚಿಸಲು ಸಮಯವಿರುತ್ತದೆ. 2018ರ ಡಿಸ್ಕಿನಲ್ಲಿ ಮುಖ್ಯ ಕತೆ ಪೂರ್ತಿ ಇದೆ. 2020ರ 'ಎಸ್' ಆವೃತ್ತಿಯಲ್ಲಿ ಸಂಗಡಿಗರ ಉಪಕತೆಗಳೂ ವಾದ್ಯವೃಂದದ ಸಂಗೀತವೂ ಹೆಚ್ಚು, ಚಿತ್ರದ ಮೆರುಗು ಮಾತ್ರ ತುಸು ಕಡಿಮೆ, ಮತ್ತು ಮೊದಲಿನ ಡಿಸ್ಕಿನ ಸೇವ್ ಅದಕ್ಕೆ ದಾಟುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಅಂತರದಲ್ಲಿ 'ಎಸ್' ಸಿಕ್ಕರೆ ಅದನ್ನೇ ಕೊಳ್ಳಲಿ, ಅಂತರ ಅದಕ್ಕಿಂತ ಹೆಚ್ಚಾದರೆ 2018ರದ್ದು ಸಾಕು. ಆಟದ ಕೊನೆಯಲ್ಲಿ ಮೊದಲ ಮೂರು ಭಾಗಗಳತ್ತ ಕೈಚಾಚುವ ಒಂದು ಘಟ್ಟ ಬರುತ್ತದೆ. ಅದು ಪೂರ್ತಿ ಅರ್ಥವಾಗದೆ ಅವನಿಗೆ ಕುತೂಹಲ ಹುಟ್ಟಿದರೆ, ಆ ಡಿಸ್ಕನ್ನು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಮೂರನೆಯ ಭಾಗದ 2024ರ ಹೊಸ ರೂಪವನ್ನು ಹುಡುಕಲಿ. ಅದು ಪಿಎಸ್4ಕ್ಕೆ ಬಂದಿಲ್ಲವಾದ್ದರಿಂದ ಅಷ್ಟರೊಳಗೆ ಯಂತ್ರವನ್ನೂ ಬದಲಿಸಬೇಕಾಗುತ್ತದೆ.